ಬೆರಳ ಗೆಣ್ಣಿನಿಂದ ಶ್ವಾಸಕೋಶದವರೆಗೆ: ಡರ್ಮಟೊಮಯೋಸೈಟಿಸ್

ಡರ್ಮಟೊಮಯೋಸೈಟಿಸ್ ಅಪರೂಪದ ಕಾಯಿಲೆ. ರೋಗಾಣುಗಳನ್ನು ಎದುರಿಸಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ್ದೇ ಸ್ನಾಯು, ಚರ್ಮ ಮತ್ತು ಸಣ್ಣ ರಕ್ತನಾಳಗಳ ಮೇಲೆ ತಿರುಗಿಬಿದ್ದಾಗ ಇದು ಬರುತ್ತದೆ. ಹತ್ತು ಲಕ್ಷ ಜನಸಂಖ್ಯೆಯಲ್ಲಿ ವರ್ಷಕ್ಕೆ ಸುಮಾರು 5ರಿಂದ 10 ಮಂದಿಗೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಬೇರೆ ಬೇರೆ ದೇಶಗಳ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚುಕಡಿಮೆ ಎರಡು ಪಟ್ಟು. ದೊಡ್ಡವರಲ್ಲಿ 40ರಿಂದ 60ರ ವಯಸ್ಸಿನಲ್ಲಿ, ಮಕ್ಕಳಲ್ಲಿ 5ರಿಂದ 15ರ ನಡುವೆ ಹೆಚ್ಚಾಗಿ ಶುರುವಾಗುತ್ತದೆ. ಇದು ಅಂಟುರೋಗವಲ್ಲ, ಹೆತ್ತವರಿಂದ ಮಕ್ಕಳಿಗೆ ನೇರವಾಗಿ ಇಳಿಯುವ ಕಾಯಿಲೆಯೂ ಅಲ್ಲ. ಸ್ನಾಯು ಮತ್ತು ಚರ್ಮದ ರೋಗವೆಂದೇ ಇದನ್ನು ಪಟ್ಟಿಮಾಡಿದ್ದರೂ ರೋಗಿಯ ಉಳಿವು ಅಳಿವು ಬಹಳ ಸಲ ನಿರ್ಧಾರವಾಗುವುದು ಶ್ವಾಸಕೋಶದಲ್ಲಿ.

ವೈದ್ಯಲೋಕಕ್ಕೆ ಇದರ ಪರಿಚಯವಾಗಿ ಒಂದೂವರೆ ಶತಮಾನ ದಾಟಿದೆ. ಜರ್ಮನಿಯ ಅರ್ನ್ಸ್ಟ್ ವ್ಯಾಗ್ನರ್ 1863ರಲ್ಲಿ ಸ್ನಾಯುಗಳ ಉರಿಯೂತದ ಒಂದು ವಿಚಿತ್ರ ಪ್ರಕರಣವನ್ನು ದಾಖಲಿಸಿದರು. ಅದಕ್ಕೆ ಚರ್ಮದ ಲಕ್ಷಣಗಳೂ ಸೇರಿದ ರೂಪವನ್ನು ವಿವರಿಸಿ 1891ರಲ್ಲಿ ಇಂದಿನ ಹೆಸರಿಟ್ಟವರು ಹೈನ್‌ರಿಕ್ ಉನ್‌ಫರ್‌ರಿಷ್ಟ್. ರೋಗ ಗುರುತಿಸಲು ಸ್ಪಷ್ಟ ಮಾನದಂಡ ಬಂದದ್ದು ಮಾತ್ರ 1975ರಲ್ಲಿ, ಬೋಹನ್ ಮತ್ತು ಪೀಟರ್ ಎಂಬ ಅಮೆರಿಕದ ವೈದ್ಯರಿಂದ. ಬ್ರಿಟನ್ನಿನ ಹೆಸರಾಂತ ನಟ ಲಾರೆನ್ಸ್ ಒಲಿವಿಯೆ 1974ರಲ್ಲಿ ಈ ಕಾಯಿಲೆಗೆ ತುತ್ತಾಗಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಮತ್ತೆ ಕ್ಯಾಮೆರಾ ಮುಂದೆ ಬಂದರು. ನಮ್ಮ ದೇಶದಲ್ಲಿ ಈ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2024ರ ಫೆಬ್ರವರಿಯಲ್ಲಿ. ‘ದಂಗಲ್’ ಚಿತ್ರದಲ್ಲಿ ಬಾಲಕಿ ಬಬಿತಾಳ ಪಾತ್ರ ಮಾಡಿದ್ದ ಸುಹಾನಿ ಭಟ್ನಾಗರ್ ದೆಹಲಿಯ ಏಮ್ಸ್‌ನಲ್ಲಿ 19ನೇ ವಯಸ್ಸಿಗೇ ತೀರಿಕೊಂಡಾಗ. ಮೊದಲು ಕೈ ಊದಿಕೊಂಡಿತ್ತು, ಕೊನೆಗೆ ಶ್ವಾಸಕೋಶಕ್ಕೆ ಪೆಟ್ಟಾಯಿತು ಎಂದು ಮನೆಯವರು ಹೇಳಿದ್ದರು. ಕೈಯಲ್ಲಿ ಶುರುವಾದದ್ದು ಎದೆಗೆ ಹೋಗುವ ಈ ದಾರಿ ವೈದ್ಯರಿಗೆ ಹೊಸದೇನಲ್ಲ.

ಸ್ನಾಯುಗಳ ನಿಶ್ಶಕ್ತಿ ಬರುವ ರೀತಿಯಲ್ಲೇ ಒಂದು ವಿಶೇಷವಿದೆ. ಸೊಂಟ, ತೊಡೆ, ಭುಜ, ಮೇಲ್ತೋಳು, ಕುತ್ತಿಗೆ ಹೀಗೆ ಮೈಯ ನಡುಭಾಗಕ್ಕೆ ಹತ್ತಿರದ ಸ್ನಾಯುಗಳು ಎರಡೂ ಕಡೆ ಸಮನಾಗಿ ಸೋಲುತ್ತವೆ. ನೆಲದ ಮೇಲೆ ಕುಳಿತು ಊಟ ಮಾಡಿದವರು ಏಳಲು ಕೈ ಊರಬೇಕಾಗುತ್ತದೆ, ಆಮೇಲೆ ಯಾರಾದರೂ ಹಿಡಿದೆತ್ತಬೇಕಾಗುತ್ತದೆ. ಕುಕ್ಕರಗಾಲಿನಲ್ಲಿ ಕುಳಿತರೆ ಏಳಲಾಗದು, ಬಸ್ಸಿನ ಮೆಟ್ಟಿಲು ಹತ್ತಲಾಗದು. ತಲೆ ಬಾಚುವುದು, ಜಡೆ ಹೆಣೆಯುವುದು, ತಂತಿಯ ಮೇಲೆ ಬಟ್ಟೆ ಒಣಹಾಕುವುದು, ಅಟ್ಟದ ಮೇಲಿನ ಡಬ್ಬಿ ಇಳಿಸುವುದು ಒಂದೊಂದಾಗಿ ಕೈತಪ್ಪುತ್ತವೆ. ಆದರೆ ಅದೇ ವ್ಯಕ್ತಿ ಪೆನ್ನು ಹಿಡಿದು ಬರೆಯಬಲ್ಲ, ಅಂಗಿಯ ಗುಂಡಿ ಹಾಕಬಲ್ಲ. ನೋವು ಅಷ್ಟಾಗಿ ಇರುವುದಿಲ್ಲ. ವಾರಗಳಲ್ಲಿ, ತಿಂಗಳುಗಳಲ್ಲಿ ನಿಧಾನವಾಗಿ ಏರುವ ಈ ಸೋಲನ್ನು ರಕ್ತಹೀನತೆ, ವಯಸ್ಸು, ಮನೆಗೆಲಸದ ಆಯಾಸ ಎಂದು ತಳ್ಳಿಹಾಕುವುದು ಸುಲಭ. ಹೆಂಗಸರ ದೂರನ್ನಂತೂ ಹಾಗೆ ತಳ್ಳಿಹಾಕುವುದು ಇನ್ನೂ ಸುಲಭ. ಗಂಟಲಿನ ಸ್ನಾಯುಗಳಿಗೂ ರೋಗ ಹರಡಿದರೆ ನುಂಗುವುದು ಕಷ್ಟವಾಗಿ, ನೀರು ಮೂಗಿಗೆ ಏರುತ್ತದೆ. ಅನ್ನ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ.

ಪೆಟ್ಟು ತಿಂದ ಸ್ನಾಯುವಿನಿಂದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಇದನ್ನು ಸಿಪಿಕೆ ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಇನ್ನೂರರ ಆಸುಪಾಸಿನೊಳಗೆ ಇರಬೇಕಾದ ಅಂಕಿ ಈ ರೋಗದಲ್ಲಿ ಸಾವಿರಗಳಿಗೆ ಏರಬಹುದು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳೂ ಜೊತೆಯಲ್ಲೇ ಏರುತ್ತವೆ. ಇವೆರಡೂ ಯಕೃತ್ತಿನಲ್ಲಿ ಇರುವಂತೆ ಸ್ನಾಯುವಿನಲ್ಲೂ ಇವೆ ಎಂಬುದನ್ನು ಮರೆತರೆ, ರೋಗಿ ಲಿವರ್ ಕಾಯಿಲೆಯ ಜಾಡು ಹಿಡಿದು ಸ್ಕ್ಯಾನಿಂಗ್, ಕಾಮಾಲೆಯ ಔಷಧಿ, ಪಥ್ಯ ಎಂದು ತಿಂಗಳುಗಳನ್ನೇ ಕಳೆದುಬಿಡುತ್ತಾನೆ. ಲಿವರ್ ಪರೀಕ್ಷೆಯ ಏರುಪೇರಿಗೆ ಬೇರೆ ಕಾರಣ ಸಿಗದಿದ್ದಾಗ ಒಂದು ಸಿಪಿಕೆ ಮಾಡಿಸಿದರೆ ದಿಕ್ಕೇ ಬದಲಾಗಬಹುದು. ಅದು ದುಬಾರಿ ಪರೀಕ್ಷೆಯೂ ಅಲ್ಲ.

ಚರ್ಮ ಕೊಡುವ ಸುಳಿವುಗಳು ಇನ್ನೂ ಖಚಿತ. ಮೇಲಿನ ಕಣ್ರೆಪ್ಪೆಗಳ ಮೇಲೆ ನೇರಳೆ ಛಾಯೆಯ ಕಲೆ, ಕೆಲವೊಮ್ಮೆ ಊತ. ಕೈಬೆರಳ ಗೆಣ್ಣುಗಳ ಮೇಲೆ ಸರಿಯಾಗಿ ಕೂರುವ ಕೆಂಪು, ಚಪ್ಪಟೆ ಗುಳ್ಳೆಗಳು. ಎದೆಯ ಮೇಲ್ಭಾಗದಲ್ಲಿ ಅಂಗಿಯ ಕತ್ತು ತೆರೆದಿರುವಷ್ಟು ಜಾಗದಲ್ಲಿ, ಹಿಂದೆ ಶಾಲು ಹೊದೆಯುವ ಜಾಗದಲ್ಲಿ, ತೊಡೆಯ ಹೊರಬದಿಯಲ್ಲಿ ದದ್ದು. ಗೆಣ್ಣಿನ ಗುಳ್ಳೆಗಳಿಗೆ ಜರ್ಮನಿಯ ಚರ್ಮವೈದ್ಯ ಹೈನ್‌ರಿಕ್ ಗೊಟ್ರಾನ್ ಹೆಸರಿದೆ. ಅವು ಕಂಡರೆ ರೋಗ ಬಹುತೇಕ ಗೊತ್ತಾದಂತೆಯೇ. ದೇಹದ ರಕ್ಷಣೆ ದೇಹದ ಮೇಲೇ ತಿರುಗಿಬೀಳುವ ಇಂಥ ಕಾಯಿಲೆಗಳಿಗೆ ಸ್ವರಕ್ಷಾ ರೋಗ ಎನ್ನುತ್ತಾರೆ; ಲೂಪಸ್ ಎಂಬ ಇನ್ನೊಂದು ಸ್ವರಕ್ಷಾ ರೋಗದಲ್ಲೂ ಕೈಮೇಲೆ ದದ್ದು ಏಳುತ್ತದೆ, ಆದರೆ ಅಲ್ಲಿ ಗೆಣ್ಣು ಬಿಟ್ಟು ಗೆಣ್ಣುಗಳ ನಡುವಿನ ಚರ್ಮ ಕೆಂಪಾಗುತ್ತದೆ. ಉಗುರಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಉಬ್ಬಿ ಸುರುಳಿಗಟ್ಟಿದ ಸೂಕ್ಷ್ಮ ರಕ್ತನಾಳಗಳು ಕಾಣುತ್ತವೆ. ತಲೆಯ ಚರ್ಮದ ವಿಪರೀತ ತುರಿಕೆ ಹಲವರ ಮೊದಲ ದೂರು. ಹೊಟ್ಟಿನ ಶಾಂಪೂ ಹಾಕಿ ಹಾಕಿ ಸೋತ ಮೇಲೆ ಅವರು ವೈದ್ಯರ ಬಳಿ ಹೋಗುತ್ತಾರೆ. ಬಿಸಿಲು ತಗುಲಿದರೆ ಈ ದದ್ದುಗಳೆಲ್ಲ ಕೆರಳುತ್ತವೆ.

ಪಾಠಪುಸ್ತಕಗಳ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಕಂದು ಮತ್ತು ಕಪ್ಪು ಮೈಬಣ್ಣದಲ್ಲಿ ಅದೇ ನೇರಳೆ ಛಾಯೆ ಬರೀ ಕಪ್ಪುಗಟ್ಟಿದಂತೆ, ಬೂದುಗಟ್ಟಿದಂತೆ ಕಾಣುತ್ತದೆ. ಹಾಗಾಗಿ ಅದು ಬಂಗು, ಇಸುಬು, ಬಿಸಿಲಿಗೆ ಆದ ಕಲೆ ಅಥವಾ ಹೊಸ ಕ್ರೀಮಿನ ಅಲರ್ಜಿ ಎನಿಸಿಕೊಂಡು ಮುಲಾಮಿನಲ್ಲೇ ನಿಂತುಬಿಡುತ್ತದೆ. ಕೆಲವರಲ್ಲಿ ಸ್ನಾಯು ಸೋಲದೆ ಚರ್ಮದ ಲಕ್ಷಣವಷ್ಟೇ ಇರುತ್ತದೆ. ಶಕ್ತಿ ಚೆನ್ನಾಗಿದೆ, ಸಿಪಿಕೆಯೂ ಸರಿಯಿದೆ ಎಂದು ನಿರಾಳವಾಗಬಾರದ ಗುಂಪು ಇದೇ; ಇವರಲ್ಲೂ ರೋಗ ಶ್ವಾಸಕೋಶಕ್ಕೆ ಇಳಿಯಬಹುದು.

ಶ್ವಾಸಕೋಶದಲ್ಲಿ ಆಗುವುದು ಇಷ್ಟು. ಉಸಿರಿನ ಆಮ್ಲಜನಕ ರಕ್ತಕ್ಕೆ ದಾಟುವುದು ಕೋಟ್ಯಂತರ ಸಣ್ಣ ಗಾಳಿಚೀಲಗಳ ತೆಳು ಗೋಡೆಯ ಮೂಲಕ. ಆ ಗೋಡೆಗಳಲ್ಲಿ ಉರಿಯೂತ ಸೇರಿ, ದಪ್ಪಗಾಗಿ, ಕಾಲಕ್ರಮದಲ್ಲಿ ಗಾಯ ಮಾಗಿದ ಜಾಗದ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಶ್ವಾಸಕೋಶ ಗಡುಸಾಗುತ್ತದೆ, ಕುಗ್ಗುತ್ತದೆ. ಕಫವಿಲ್ಲದ ಒಣಕೆಮ್ಮು, ನಡೆದಾಗ ಏದುಸಿರು ಮೊದಲ ಲಕ್ಷಣಗಳು. ವೈದ್ಯರು ಬೆನ್ನ ಕೆಳಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟರೆ ಚಪ್ಪಲಿಯ ವೆಲ್ಕ್ರೊ ಪಟ್ಟಿ ಬಿಡಿಸಿದಂಥ ಚರಚರ ಸದ್ದು ಕೇಳಿಸುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಆರಂಭದ ಹಂತ ಕಾಣದೇ ಹೋಗಬಹುದು. ಅದಕ್ಕೆ ಹೈ ರೆಸಲ್ಯೂಶನ್ ಸಿಟಿ ಸ್ಕ್ಯಾನ್ ಬೇಕು. ಉಸಿರಿನ ಪ್ರಮಾಣ ಅಳೆಯುವ ಸ್ಪೈರೊಮೆಟ್ರಿ, ಅನಿಲ ರಕ್ತಕ್ಕೆ ದಾಟುವ ಸಾಮರ್ಥ್ಯ ಅಳೆಯುವ ಡಿಎಲ್‌ಸಿಒ, ಆರು ನಿಮಿಷ ನಡೆಸಿ ಆಮ್ಲಜನಕ ಎಷ್ಟು ಇಳಿಯಿತೆಂದು ನೋಡುವ ಸರಳ ಪರೀಕ್ಷೆ, ಇವು ಹಾನಿಯ ಲೆಕ್ಕ ಕೊಡುತ್ತವೆ. ಜ್ವರ, ಕೆಮ್ಮು, ತೂಕ ಇಳಿಕೆ ಒಟ್ಟಿಗೆ ಕಂಡ ಕೂಡಲೇ ಕ್ಷಯವನ್ನು ನೆನೆಯುವುದು ನಮ್ಮ ದೇಶದಲ್ಲಿ ಸಹಜ, ನ್ಯಾಯವೂ ಹೌದು. ಆದರೆ ಕಫದಲ್ಲಿ ರೋಗಾಣು ಸಿಗದೆಯೂ ಕ್ಷಯದ ಮಾತ್ರೆ ಮುಂದುವರಿದು, ಕೆಮ್ಮು ಬಗ್ಗದಿದ್ದಾಗ ರೋಗಿಯ ಕೈಗಳನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಏಕೆಂದರೆ ಶ್ವಾಸಕೋಶಕ್ಕೆ ಇಳಿಯುವ ರೂಪಗಳು ಬಹಳ ಸಲ ಕೈಯಲ್ಲಿ ಗುರುತು ಬಿಟ್ಟಿರುತ್ತವೆ. ಇಂಥ ರೂಪಗಳಲ್ಲಿ ಮುಖ್ಯವಾದವು ಎರಡು. ಎರಡನ್ನೂ ಬೇರ್ಪಡಿಸುವುದು ರಕ್ತದಲ್ಲಿರುವ ಪ್ರತಿಕಾಯಗಳು.

ಮೊದಲನೆಯದು ಆಂಟಿಸಿಂಥಟೇಸ್ ಸಿಂಡ್ರೋಮ್. ಜೀವಕೋಶದಲ್ಲಿ ಪ್ರೋಟೀನು ಕಟ್ಟುವಾಗ ಅಮೈನೊ ಆಮ್ಲಗಳನ್ನು ಅವುಗಳ ಸಾಗಣೆಯ ಆರ್‌ಎನ್‌ಎಗೆ ಜೋಡಿಸುವ ಕಿಣ್ವಗಳಿವೆ. ಅವೇ ಟಿಆರ್‌ಎನ್‌ಎ ಸಿಂಥಟೇಸ್‌ಗಳು. ಈ ರೋಗಿಗಳಲ್ಲಿ ಅವುಗಳ ವಿರುದ್ಧವೇ ಪ್ರತಿಕಾಯ ಹುಟ್ಟುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು 1980ರಲ್ಲಿ ವರದಿಯಾದ ಜೋ-1. ಅದರ ಗುರಿ ಹಿಸ್ಟಿಡಿನ್ ಅಮೈನೊ ಆಮ್ಲದ ಸಿಂಥಟೇಸ್ ಎಂದು 1983ರಲ್ಲಿ ತಿಳಿಯಿತು. ಪಿಎಲ್-7, ಪಿಎಲ್-12, ಇಜೆ, ಒಜೆ ಇದೇ ಬಳಗದ ಇತರ ಪ್ರತಿಕಾಯಗಳು. ಜ್ವರ, ಕೀಲುನೋವು, ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವುದು, ಸ್ನಾಯು ಸೋಲು, ಶ್ವಾಸಕೋಶದ ಉರಿಯೂತ ಇದರ ಲಕ್ಷಣಗಳು. ಜೊತೆಗೆ ಹೆಬ್ಬೆರಳು ಮತ್ತು ತೋರುಬೆರಳಿನ ಬದಿಗಳಲ್ಲಿ ಚರ್ಮ ಒರಟಾಗಿ, ಸಿಪ್ಪೆ ಎದ್ದು, ಕಪ್ಪು ಗೆರೆಗಳಲ್ಲಿ ಬಿರಿಯುತ್ತದೆ. ಗ್ಯಾರೇಜಿನಲ್ಲಿ ದುಡಿಯುವವರ ಕೈಯನ್ನು ಹೋಲುವುದರಿಂದ ವೈದ್ಯರು ಇದನ್ನು ‘ಮೆಕ್ಯಾನಿಕ್ಸ್ ಹ್ಯಾಂಡ್’ ಎನ್ನುತ್ತಾರೆ. ಪಾತ್ರೆ ತೊಳೆಯುವ, ಗಾರೆ ಕೆಲಸ ಮಾಡುವ, ಹೊಲದಲ್ಲಿ ದುಡಿಯುವ ಕೈಗಳಲ್ಲಿ ಈ ಬಿರುಕನ್ನು ಯಾರೂ ರೋಗವೆಂದು ನೋಡುವುದಿಲ್ಲ. ಜೋ-1 ಇರುವವರಲ್ಲಿ ಹೆಚ್ಚಿನವರಿಗೆ ಇಂದೋ ನಾಳೆಯೋ ಶ್ವಾಸಕೋಶದ ತೊಂದರೆ ಇದ್ದೇ ಇರುತ್ತದೆ. ಪಿಎಲ್-7, ಪಿಎಲ್-12ರಲ್ಲಿ ಸ್ನಾಯುವಿಗಿಂತ ಶ್ವಾಸಕೋಶಕ್ಕೇ ಏಟು ಜಾಸ್ತಿ. ಇದು ಡರ್ಮಟೊಮಯೋಸೈಟಿಸ್‌ನದೇ ಒಂದು ರೂಪವೋ, ಬೇರೆಯದೇ ರೋಗವೋ ಎಂಬ ಚರ್ಚೆ ಪರಿಣತರಲ್ಲಿ ನಡೆದೇ ಇದೆ. ಸದ್ಯಕ್ಕೆ ಬೇರೆ ಎನ್ನುವವರ ವಾದ ಬಲವಾಗಿ ತೋರುತ್ತದೆ.

ಎರಡನೆಯದು ಎಂಡಿಎ-5 ಪ್ರತಿಕಾಯದ ರೂಪ, ಎಲ್ಲಕ್ಕಿಂತ ಭಯಪಡಬೇಕಾದದ್ದು. ಜಪಾನಿನ ವೈದ್ಯರು 2005ರಲ್ಲಿ ಇದನ್ನು ಮೊದಲು ಗುರುತಿಸಿದರು. ಎಂಡಿಎ-5 ಎಂಬುದು ಜೀವಕೋಶದೊಳಗೆ ನುಗ್ಗಿದ ವೈರಸ್ಸಿನ ಆರ್‌ಎನ್‌ಎಯನ್ನು ಪತ್ತೆಹಚ್ಚಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂದೇಶ ಎಬ್ಬಿಸುವ ಪ್ರೋಟೀನು. ಈ ರೂಪದಲ್ಲಿ ಸ್ನಾಯು ಸೋಲು ಅಲ್ಪ, ಕೆಲವೊಮ್ಮೆ ಇಲ್ಲವೇ ಇಲ್ಲ. ಬದಲಿಗೆ ಬೆರಳ ಗೆಣ್ಣು, ಮೊಣಕೈಗಳಲ್ಲಿ ಆಳವಾದ ಹುಣ್ಣು, ಅಂಗೈಯ ಮಡಿಕೆಗಳಲ್ಲಿ ನೋವಿನ ಕೆಂಪು ಗುಳ್ಳೆ, ಕೂದಲು ಉದುರುವುದು, ಬಾಯಿಹುಣ್ಣು, ಕೀಲುನೋವು ಇರುತ್ತವೆ. ಕೆಲವರಲ್ಲಿ ಶ್ವಾಸಕೋಶದ ಉರಿಯೂತ ವಾರಗಳಲ್ಲೇ ಉಲ್ಬಣಿಸಿ ವೆಂಟಿಲೇಟರ್‌ವರೆಗೆ ಒಯ್ಯುತ್ತದೆ. ಪೂರ್ವ ಏಷ್ಯಾದ ಆರಂಭದ ವರದಿಗಳಲ್ಲಿ, ಹೀಗೆ ತ್ವರಿತವಾಗಿ ಉಲ್ಬಣಿಸಿದವರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರು. ರಕ್ತದ ಫೆರಿಟಿನ್ ಮಟ್ಟ ತುಂಬಾ ಏರಿದ್ದರೆ ಅದು ಅಪಶಕುನ. ಕೋವಿಡ್ ಕಾಲದಲ್ಲಿ ತೀವ್ರ ಕೋವಿಡ್‌ನ ಶ್ವಾಸಕೋಶಕ್ಕೂ ಇದಕ್ಕೂ ಇರುವ ಹೋಲಿಕೆ ಸಂಶೋಧಕರ ಗಮನ ಸೆಳೆಯಿತು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಆ ವರ್ಷಗಳಲ್ಲಿ ಎಂಡಿಎ-5 ಪ್ರಕರಣಗಳು ಏರಿದ್ದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ.

ರೋಗನಿರೋಧಕ ವ್ಯವಸ್ಥೆ ಹೀಗೆ ದಿಕ್ಕು ತಪ್ಪಲು ಒಂದೇ ಕಾರಣವಿಲ್ಲ. ಕೆಲವು ಎಚ್‌ಎಲ್‌ಎ ಜೀನುಗಳು ಒಲವು ಕೊಡುತ್ತವೆ. ಅದರ ಮೇಲೆ ವೈರಸ್ ಸೋಂಕು, ಬಿಸಿಲಿನ ಅತಿನೇರಳೆ ಕಿರಣ, ಧೂಮಪಾನದಂಥ ಪ್ರಚೋದನೆ ಸೇರುತ್ತದೆ. ಸ್ನಾಯುವಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗನಿರೋಧಕ ವ್ಯವಸ್ಥೆಯ ಪೂರಕ (ಕಾಂಪ್ಲಿಮೆಂಟ್) ಪ್ರೋಟೀನುಗಳು ಲೋಮನಾಳಗಳ ಗೋಡೆಗೆ ಅಂಟಿ ಅವನ್ನು ನಾಶಮಾಡಿರುವುದು ಕಾಣುತ್ತದೆ. ಸ್ನಾಯುಕಟ್ಟಿನ ಅಂಚಿನ ಎಳೆಗಳು ಬಡಕಲಾಗಿರುತ್ತವೆ, ಎಲ್ಲೆಡೆ ಇಂಟರ್‌ಫೆರಾನಿನ ಪ್ರಭಾವದ ಗುರುತಿರುತ್ತದೆ.

ದೊಡ್ಡವರಲ್ಲಿ ಇನ್ನೊಂದು ಎಚ್ಚರಿಕೆ ಕ್ಯಾನ್ಸರಿನದು. ಡರ್ಮಟೊಮಯೋಸೈಟಿಸ್ ಬಂದ ವಯಸ್ಕರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಅದರ ಹಿಂದೆಯೋ ಮುಂದೆಯೋ ಕೆಲವು ವರ್ಷಗಳೊಳಗೆ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಂಡಾಶಯ, ಶ್ವಾಸಕೋಶ, ಸ್ತನ, ಹೊಟ್ಟೆ, ದೊಡ್ಡಕರುಳು ಸಾಮಾನ್ಯ ತಾಣಗಳು. ಟಿಐಎಫ್-1 ಗಾಮಾ, ಎನ್‌ಎಕ್ಸ್‌ಪಿ-2 ಎಂಬ ಪ್ರತಿಕಾಯಗಳಿದ್ದರೆ ಅಪಾಯ ಹೆಚ್ಚು. ಆಂಟಿಸಿಂಥಟೇಸ್ ರೂಪದಲ್ಲಿ ಕಡಿಮೆ. ಮೊದಲ ಮೂರು ವರ್ಷ ಹುಡುಕಾಟ ಬಿಗಿಯಾಗಿರಬೇಕು. ಮಕ್ಕಳಲ್ಲಿ ಕ್ಯಾನ್ಸರಿನ ಈ ನಂಟಿಲ್ಲ. ಅವರಲ್ಲಿ ಕಾಡುವುದು ಚರ್ಮದಡಿ ಸುಣ್ಣದಂಶ ಶೇಖರವಾಗಿ ಏಳುವ ಗಟ್ಟಿ ಗಂಟುಗಳು.

ರೋಗ ನಿರ್ಣಯದಲ್ಲಿ ಒಂದು ಬಲೆಯಿದೆ. ಸ್ವರಕ್ಷಾ ರೋಗದ ಸಂಶಯ ಬಂದಾಗ ಮೊದಲು ಮಾಡಿಸುವುದು ಎಎನ್‌ಎ ಪರೀಕ್ಷೆ. ಅದು ಮುಖ್ಯವಾಗಿ ಜೀವಕೋಶದ ಕೇಂದ್ರದ ವಿರುದ್ಧದ ಪ್ರತಿಕಾಯ ಹುಡುಕುತ್ತದೆ. ಸಿಂಥಟೇಸ್ ಮತ್ತು ಎಂಡಿಎ-5 ಇರುವುದು ಕೇಂದ್ರದ ಹೊರಗಿನ ಕೋಶದ್ರವದಲ್ಲಿ. ಆದ್ದರಿಂದ ಎಎನ್‌ಎ ನೆಗೆಟಿವ್ ಬಂದರೂ ಈ ಕಾಯಿಲೆ ಇಲ್ಲವೆನ್ನಲಾಗದು. ಮಯೋಸೈಟಿಸ್ ಪ್ರೊಫೈಲ್ ಎಂದು ಕರೆಯುವ ಪ್ರತ್ಯೇಕ ಪರೀಕ್ಷೆ ಮಾಡಿಸಬೇಕು. ತೊಡೆಯ ಎಂಆರ್‌ಐ, ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ, ಅಗತ್ಯಬಿದ್ದರೆ ಬಯಾಪ್ಸಿ ಅದಕ್ಕೆ ಜೊತೆಯಾಗುತ್ತವೆ. ಸ್ನಾಯು ಬಯಾಪ್ಸಿಯನ್ನು ಓದುವ ಪರಿಣತಿ ಎಲ್ಲೆಡೆ ಸಿಗದು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗ ಅಂಥ ಪರಿಣತಿ ಇರುವ ಕಡೆಗಳಲ್ಲಿ ಒಂದು. ಚಿಕಿತ್ಸೆಯ ಹೊಣೆ ಸಾಮಾನ್ಯವಾಗಿ ರುಮಟಾಲಜಿಸ್ಟರದು. ನಿಶ್ಶಕ್ತಿಗೆ ಒಬ್ಬರು, ದದ್ದಿಗೆ ಇನ್ನೊಬ್ಬರು, ಕೆಮ್ಮಿಗೆ ಮತ್ತೊಬ್ಬರು ಎಂದು ರೋಗಿ ಅಲೆಯುವವರೆಗೆ ಮೂರೂ ಒಂದೇ ರೋಗವೆಂದು ಯಾರಿಗೂ ಹೊಳೆಯುವುದಿಲ್ಲ. ತಡವಾಗಲು ಮುಖ್ಯ ಕಾರಣ ಯಂತ್ರಗಳ ಕೊರತೆಗಿಂತ ಹೆಚ್ಚಾಗಿ ಇದೇ.

ಕಾರ್ಟಿಸೋನ್ ಬಳಕೆಗೆ ಬರುವ ಮೊದಲು ರೋಗಿಗಳಲ್ಲಿ ಅರ್ಧದಷ್ಟು ಮಂದಿ ಉಳಿಯುತ್ತಿರಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತಕ್ಕೆ ಕೊಟ್ಟ ಆ ಔಷಧಿ ಸ್ವರಕ್ಷಾ ರೋಗಗಳ ಚಿತ್ರವನ್ನೇ ಬದಲಿಸಿತು. ಇಂದಿಗೂ ಚಿಕಿತ್ಸೆ ಶುರುವಾಗುವುದು ಪ್ರೆಡ್ನಿಸೊಲೋನ್ ಮಾತ್ರೆಯಿಂದ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ, ತೀವ್ರವಾಗಿದ್ದರೆ ಮೊದಲು ಕೆಲವು ದಿನ ರಕ್ತನಾಳದ ಮೂಲಕ ಮೀಥೈಲ್‌ಪ್ರೆಡ್ನಿಸೊಲೋನ್. ಆಮೇಲೆ ತಿಂಗಳುಗಳ ಕಾಲ ಮೆಲ್ಲಗೆ ಇಳಿಸುತ್ತಾರೆ. ಜೊತೆಗೇ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ಅಥವಾ ಮೈಕೊಫಿನೊಲೇಟ್ ಶುರುಮಾಡುವುದು ಸ್ಟೀರಾಯ್ಡ್ ಕಡಿಮೆ ಮಾಡುವ ಉದ್ದೇಶದಿಂದ. ಶ್ವಾಸಕೋಶಕ್ಕೆ ರೋಗ ಇಳಿದಿದ್ದರೆ ಮೈಕೊಫಿನೊಲೇಟ್ ಅಥವಾ ಟ್ಯಾಕ್ರೊಲಿಮಸ್‌ಗೆ ಆದ್ಯತೆ, ಯಾಕೆಂದರೆ ಮೆಥೊಟ್ರೆಕ್ಸೇಟ್ ಕೆಲವೊಮ್ಮೆ ತಾನೇ ಶ್ವಾಸಕೋಶವನ್ನು ಕೆಡಿಸುತ್ತದೆ. ಚರ್ಮಕ್ಕೆ ಹೈಡ್ರಾಕ್ಸಿಕ್ಲೊರೊಕ್ವಿನ್, ಸನ್‌ಸ್ಕ್ರೀನ್, ಕೊಡೆ, ಉದ್ದ ತೋಳಿನ ಬಟ್ಟೆ.

ಈ ಔಷಧಿಗಳಲ್ಲಿ ಹೆಚ್ಚಿನವು ದೇಹದ ಕಾವಲನ್ನು ಸಡಿಲಿಸುವಂಥವು. ಸುಪ್ತ ಕ್ಷಯವಿದ್ದರೆ ಅದು ಎದ್ದುಬರಬಹುದು, ಆದ್ದರಿಂದ ಮೊದಲೇ ತಪಾಸಣೆ ಬೇಕು. ಹೆಪಟೈಟಿಸ್ ಬಿ ಪರೀಕ್ಷೆಯೂ ಬೇಕು. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುವುದುಂಟು. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಜೀವಂತ ರೋಗಾಣುವಿನ ಲಸಿಕೆಗಳು ವರ್ಜ್ಯ. ಮುಖ ಊದಿತು, ಸಕ್ಕರೆ ಏರಿತು ಎಂದು ಸ್ಟೀರಾಯ್ಡನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಕ್ಕೇ ಸಂಚಕಾರ. ಇನ್ನೊಂದು ಗೊಂದಲವೂ ಇದೆ: ಸ್ಟೀರಾಯ್ಡ್ ಬಹುಕಾಲ ತೆಗೆದುಕೊಂಡರೆ ಅದರಿಂದಲೇ ತೊಡೆಗಳು ಸೋಲುತ್ತವೆ. ಸಿಪಿಕೆ ಸರಿಯಿದ್ದೂ ನಿಶ್ಶಕ್ತಿ ಹೆಚ್ಚುತ್ತಿದ್ದರೆ ಅಪರಾಧಿ ರೋಗವೋ ಔಷಧಿಯೋ ಎಂದು ತೂಗಿ ನೋಡಬೇಕಾಗುತ್ತದೆ.

ಇಷ್ಟಕ್ಕೆ ಬಗ್ಗದಿದ್ದರೆ ಮುಂದಿನ ಹಂತ. ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು 95 ರೋಗಿಗಳ ಮೇಲೆ ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ನಾಲ್ಕು ವಾರಕ್ಕೊಮ್ಮೆ ಕಿಲೋಗೆ 2 ಗ್ರಾಂನಂತೆ ಪಡೆದವರಲ್ಲಿ ಶೇ 79ರಷ್ಟು ಮಂದಿ 16 ವಾರದಲ್ಲಿ ಸುಧಾರಿಸಿದ್ದರು, ಹುಸಿ ಔಷಧಿ ಪಡೆದವರಲ್ಲಿ ಶೇ 44. ಇದರ ತೊಡಕು ಬೆಲೆ; 60 ಕಿಲೋ ತೂಕದವರಿಗೆ ಒಂದು ಸುತ್ತಿಗೆ 120 ಗ್ರಾಂ ಬೇಕು, ಮಧ್ಯಮ ವರ್ಗದ ಮನೆಯೊಂದು ಒಂದೇ ಸುತ್ತಿಗೆ ಸಾಲಕ್ಕೆ ಬೀಳುತ್ತದೆ. ಬಿ ಕೋಶಗಳನ್ನು ಅಳಿಸುವ ರಿಟಕ್ಸಿಮ್ಯಾಬ್ ಭಾರತದಲ್ಲೇ ತಯಾರಾಗುವುದರಿಂದ ಅದಕ್ಕಿಂತ ಕೈಗೆಟುಕುತ್ತದೆ, ಆಂಟಿಸಿಂಥಟೇಸ್ ರೂಪದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಡಿಎ-5 ರೂಪದಲ್ಲಿ ಕಾದು ನೋಡುವ ಸಮಯವಿಲ್ಲ. ಸ್ಟೀರಾಯ್ಡ್, ಟ್ಯಾಕ್ರೊಲಿಮಸ್, ಸೈಕ್ಲೊಫಾಸ್ಫಮೈಡ್‌ಗಳನ್ನು ಆರಂಭದಲ್ಲೇ ಒಟ್ಟಿಗೆ ಕೊಡುವ ಕ್ರಮ ಜಪಾನಿನಲ್ಲಿ ಬದುಕುಳಿಯುವವರ ಸಂಖ್ಯೆ ಹೆಚ್ಚಿಸಿದೆ. ಇಂಟರ್‌ಫೆರಾನಿನ ಸಂದೇಶ ತಡೆಯುವ ಟೊಫಾಸಿಟಿನಿಬ್ ಮಾತ್ರೆಯೂ ಬಳಕೆಗೆ ಬಂದಿದೆ. ನಾರುಗಟ್ಟುವುದು ಮುಂದುವರಿಯುತ್ತಲೇ ಇದ್ದರೆ ನಿಂಟೆಡಾನಿಬ್ ಅದರ ವೇಗ ತಗ್ಗಿಸುತ್ತದೆ, ಆಗಿಹೋದ ಹಾನಿಯನ್ನು ಸರಿಪಡಿಸದು. ಏನೂ ಫಲಿಸದ ಕೆಲವೇ ರೋಗಿಗಳಿಗೆ ಜರ್ಮನಿಯ ಎರ್ಲಾಂಗೆನ್ ಮತ್ತು ಟ್ಯೂಬಿಂಗೆನ್‌ನ ವೈದ್ಯರು ರಕ್ತಕ್ಯಾನ್ಸರಿನ ಸಿಎಆರ್-ಟಿ ಚಿಕಿತ್ಸೆಯನ್ನು ಕೊಟ್ಟು, ಆಂಟಿಸಿಂಥಟೇಸ್ ಸಿಂಡ್ರೋಮ್ ಹತೋಟಿಗೆ ಬಂದದ್ದನ್ನು 2023ರಲ್ಲಿ ವರದಿ ಮಾಡಿದ್ದಾರೆ. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಉರಿಯುತ್ತಿರುವ ಸ್ನಾಯುವಿಗೆ ವಿಶ್ರಾಂತಿಯೇ ಮದ್ದು ಎಂದು ಹಿಂದೆ ನಂಬಿದ್ದರು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರೂ ಸೇರಿದಂತೆ ಹಲವರ ಅಧ್ಯಯನಗಳು ಅದನ್ನು ತಿರುವುಮುರುವು ಮಾಡಿದವು. ಫಿಸಿಯೊಥೆರಪಿಸ್ಟರ ಕಣ್ಗಾವಲಿನಲ್ಲಿ ಹಂತಹಂತವಾಗಿ ಮಾಡುವ ವ್ಯಾಯಾಮದಿಂದ ಉರಿಯೂತ ಹೆಚ್ಚುವುದಿಲ್ಲ, ಶಕ್ತಿ ಮರಳುತ್ತದೆ. ನುಂಗಲು ಕಷ್ಟವಿರುವವರಿಗೆ ಮೆತ್ತಗಿನ ಆಹಾರವನ್ನು ನೆಟ್ಟಗೆ ಕುಳಿತೇ ತಿನ್ನುವಂತೆ ಹೇಳುತ್ತಾರೆ. ಮಕ್ಕಳಾಗುವ ಯೋಚನೆಯಿರುವ ಹೆಂಗಸರು ಮೊದಲೇ ವೈದ್ಯರಿಗೆ ತಿಳಿಸಬೇಕು, ಮೆಥೊಟ್ರೆಕ್ಸೇಟ್ ಮತ್ತು ಮೈಕೊಫಿನೊಲೇಟ್ ಎರಡೂ ಭ್ರೂಣಕ್ಕೆ ಹಾನಿಕರ. ಒಂದೇ ಸಲ ಬಂದು ಹೋಗುವ ರೂಪ ಕೆಲವರಲ್ಲಿ. ಹೆಚ್ಚಿನವರಲ್ಲಿ ರೋಗ ವರ್ಷಗಳ ಕಾಲ ಏರಿಳಿಯುತ್ತದೆ. ಸ್ನಾಯುಗಳಿಗೆ ಬಲ ಬಂದು ರೋಗಿ ಸಲೀಸಾಗಿ ಮೆಟ್ಟಿಲು ಹತ್ತುವಾಗಲೂ ಶ್ವಾಸಕೋಶದ ಹಾನಿ ಸದ್ದಿಲ್ಲದೆ ಮುಂದುವರಿದಿರಬಹುದು. ಹಾಗಾಗಿ ಸ್ಪೈರೊಮೆಟ್ರಿ ಮತ್ತು ಡಿಎಲ್‌ಸಿಒ ಪರೀಕ್ಷೆಗಳನ್ನು ಮೊದಲ ವರ್ಷದಲ್ಲಿ ಕೆಲವು ತಿಂಗಳಿಗೊಮ್ಮೆ, ನಂತರ ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸುತ್ತಿರಬೇಕು. ಹೊಸದಾಗಿ ಒಣಕೆಮ್ಮು ಅಥವಾ ಏದುಸಿರು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಬೇಕು.